ಭಾವನನ್ನು ಹಂಗಿಸಿದ ಪದ

ಇಂಗ್ಲೆಂಡಿನ ನಾಲೆಗಳಲ್ಲಿ ಓಡಾಡಲು ದೋಣಿ ಬಾಡಿಗೆಗೆ ಸಿಗುತ್ತದೆ ಎಂಬ ಸುದ್ದಿ ತಂದವರು ಮಂಡ್ಯದ ಕಡೆಯ ನಮ್ಮ ಗೆಳೆಯರೊಬ್ಬರು. ಎಂಬತ್ತರ ದಶಕದ ನಡುವಿನ ವರ್ಷಗಳು. ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮಿಲ್ಪಿಟಾಸಿನಲ್ಲಿದ್ದೆವು. ಫ್ರೀವೇ ದಾಟಿದರೆ ಅವರ ಮನೆ. ಅವರೂ ನನ್ನ ಗಂಡನೂ ಒಂದೇ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದರು. ನಾನು ಇನ್ನೊಂದು ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ನನ್ನ ತವರು ಅವರ ಊರಿನ ಪಕ್ಕದ್ದೆಂದು ತಿಳಿದ ದಿನದಿಂದ ಅವರಿಗೆ ನಾನು ಅಕ್ಕನಾದೆ, ನನಗೆ ಅವರು ಅಣ್ಣನಾದರು, ನನ್ನ ಗಂಡ ಅವರಿಗೆ ಭಾವನಾದರು. ನಮ್ಮ ಕಡೆ ಭಾವನಿಗೆ ಮರ್ಯಾದೆ ಕೊಟ್ಟು ಮಾತಾಡಿದರೆ ಏನೋ ಜಗಳವಾಗಿದೆ ಎಂದೇ ಅರ್ಥ.

"ಮನೆ ಥರ ದೋಣಿ, ಭಾವ. ಒಳಗೇ ಒಲೆ, ಒಳಗೇ ಮಂಚ. ಸಾಯಂಕಾಲ ಆದ್ರೆ ದಡದ ಪಬ್ಬಲ್ಲಿ ಅವ್ರ ಜನಪದ ಹಾಡ್ತಾರಂತೆ. ನಾವೂ ನಮ್ದು ಎರಡು ಹಾಕೋಣ. ನೀನು ಪಾತ್ರೆ ಬಡಿ. ನಿಂಗೆ ಬರೋದು ಅದೊಂದೇ ತಾನೆ."

"ನಿನ್ನ ಹಾಡಿಗೆ ಪಾತ್ರೆನೇ ಜಾಸ್ತಿ ಆಯ್ತು ಕಣೋ," ಎಂದರು ಇವರು. ಆಮೇಲೆ ನನ್ನ ಮುಖ ನೋಡದೆ, "ಹೋಗೋಣ ನಡಿ," ಎಂದುಬಿಟ್ಟರು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹಿಂದಿನ ವಾರವಷ್ಟೇ ಡಾಕ್ಟರು ಇವರ ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಬೇಸಿಗೆ ಮುಗಿಯುವುದರೊಳಗೆ ಬೈಪಾಸ್ ಆಪರೇಷನ್ ಆಗಬೇಕು ಎಂದಿದ್ದರು. ಎದೆ ನೋವು ಬಂದರೆ ನಾಲಿಗೆಯ ಕೆಳಗೆ ಇಡಲು ಪುಟ್ಟ ಮಾತ್ರೆಗಳನ್ನು ಕೊಟ್ಟಿದ್ದರು. ಭಾರ ಎತ್ತಬಾರದು, ಗಾಬರಿ ಬೀಳಬಾರದು, ಮೆಲ್ಲಗೆ ಓಡಾಡಿಕೊಂಡಿರಬಹುದು ಎಂದಿದ್ದರು. ಗೆಳೆಯರು ಹೋದ ಮೇಲೆ ನಾನು ಬೇಡವೆಂದು ಅತ್ತೆ.

"ಆಪರೇಷನ್‌ಗೆ ಮುಂಚೆ ಒಂದ್ಸಲ ನಗ್ತಾ ಓಡಾಡ್ಕೊಂಡು ಬರ್ತೀನಿ ಕಣೆ. ಅವ್ರಿಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ಎಲ್ಲಾ ಹಾಳು."

ಏನು ಹಾಳು ಎಂದು ನನಗೆ ಆಗ ಅರ್ಥವಾಗಲಿಲ್ಲ.

ಕೊನೆಗೆ ನಾವು ಎರಡು ಜೋಡಿಯೂ ಇಂಗ್ಲೆಂಡಿಗೆ ಹೋದೆವು. ದೋಣಿ ಉದ್ದಕ್ಕೆ, ರೈಲು ಡಬ್ಬಿಯಷ್ಟು ಇಕ್ಕಟ್ಟಾಗಿತ್ತು. ಮನುಷ್ಯ ನಡೆಯುವಷ್ಟೇ ವೇಗ. ಇವರು ಹಿಂದೆ ನಿಂತು ಚುಕ್ಕಾಣಿ ಹಿಡಿಯುತ್ತಿದ್ದರು. ಅದಕ್ಕೆ ಬಲ ಬೇಕಿರಲಿಲ್ಲ. ಗೆಳೆಯರ ಹೆಂಡತಿ ಮುಂದೆ ಕೂತು ಸೋಬಾನೆ ಹೇಳುತ್ತಿದ್ದರು. ಹಸಿರು ದಡ, ಬಾತುಕೋಳಿಗಳು, ತಣ್ಣನೆ ಬಿಸಿಲು. ನನಗೆ ಇದಾವುದೂ ಕಣ್ಣಿಗೆ ಹತ್ತಲಿಲ್ಲ. ಮಾತ್ರೆಯ ಶೀಷೆಯನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡು ಇವರ ಮುಖದ ಬಣ್ಣ ನೋಡುತ್ತಿದ್ದೆ. ಫೋನಿಲ್ಲ, ಹತ್ತಿರ ರಸ್ತೆಯಿಲ್ಲ. ಇಲ್ಲಿ ಏನಾದರೂ ಆದರೆ ಯಾರನ್ನು ಕೂಗಲಿ? ಯಾವ ಊರಿನ ಹೆಸರು ಹೇಳಲಿ? ನಮ್ಮ ಮುಂದಿನ ಸೇತುವೆಯಾಚೆ ಏನಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಇವರು ಕೆಮ್ಮಿದರೂ ನನ್ನ ಕೈ ಜೇಬಿಗೆ ಹೋಗುತ್ತಿತ್ತು.

ನಾಲೆ ಏರುವ, ಇಳಿಯುವ ಕಡೆ ಲಾಕು ಎಂಬ ಕಲ್ಲಿನ ತೊಟ್ಟಿ ಇರುತ್ತದೆ. ಎರಡು ಕಡೆ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ತೂಬು ಎತ್ತಿದರೆ ನೀರು ಹರಿದುಹೋಗಿ ದೋಣಿ ಮೆಲ್ಲಗೆ ಕೆಳಗಿಳಿಯುತ್ತದೆ. ಹಿಂದಿನ ಬಾಗಿಲ ಬುಡದಲ್ಲಿ ನೀರಿನೊಳಗೆ ಕಲ್ಲಿನ ಕಟ್ಟೆಯೊಂದು ಚಾಚಿಕೊಂಡಿದೆ, ದೋಣಿಯ ಹಿಂಭಾಗ ಅದರ ಮೇಲೆ ಬರದ ಹಾಗೆ ನೋಡಿಕೊಳ್ಳಿ ಎಂದು ಬಾಡಿಗೆಗೆ ಕೊಟ್ಟವನು ಸಾರಿ ಹೇಳಿದ್ದ. ತೂಬಿನ ಕೆಲಸ ನಮ್ಮ ಗೆಳೆಯರದು.

"ಚಿಕ್ಕೋನಿದ್ದಾಗಿಂದ ಗದ್ದೆಗೆ ನೀರು ಬಿಟ್ಟೋನು ನಾನು. ಇದೇನ್ ಮಹಾ," ಎಂದು ಕಬ್ಬಿಣದ ಹಿಡಿ ತಿರುಗಿಸುತ್ತಾ ನಿಲ್ಲುತ್ತಿದ್ದರು.

ಅದು ಮೂರನೆಯ ದಿನವೋ ನಾಲ್ಕನೆಯದೋ. ನಾನು ಒಳಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಲಾಕಿನಲ್ಲಿ ನೀರು ಇಳಿಯಲು ಶುರುವಾಗಿತ್ತು. ಅಷ್ಟರಲ್ಲಿ ದೋಣಿ ಹಿಂದಕ್ಕೆ ಸರಿದು ಅದರ ಬಾಲ ಆ ಕಟ್ಟೆಯ ಮೇಲೆ ಕೂತುಬಿಟ್ಟಿತು. ಕೆಳಗೆ ಏನೋ ಕಿರುಗುಟ್ಟಿದ ಸದ್ದಾಯಿತು. ಇವರು "ಸಾಕು ಬಿಡೋ!" ಎಂದು ಕೂಗಿದ್ದು ನನಗೆ ಕೇಳಿಸಿತು. ಮತ್ತೆ ಕೂಗಿದರು.

ಆಚೆ ತೂಬಿನ ಹತ್ತಿರ ನೀರಿನ ಭೋರ್ಗರೆತ. ಗೆಳೆಯರ ಕಿವಿಗೆ 'ಸಾಕು' ಬೀಳಲೇ ಇಲ್ಲ. ಬಿದ್ದದ್ದು 'ಬಿಡೋ' ಮಾತ್ರ. ತೂಬಿನ ಪಕ್ಕ ನಿಂತ ಮಂಡ್ಯದ ಮನುಷ್ಯನಿಗೆ ಬಿಡು ಎಂದರೆ ಒಂದೇ ಅರ್ಥ. "ಬಿಟ್ಟೆ, ಬಿಟ್ಟೆ!" ಎನ್ನುತ್ತಾ ಅವರು ತೂಬನ್ನು ಪೂರ್ತಿ ಎತ್ತಿಬಿಟ್ಟರು.

ನೀರು ಧುಮ್ಮೆಂದು ಹೋಯಿತು. ದೋಣಿಯ ಮೂತಿ ಕೆಳಗಿಳಿಯಿತು, ಬಾಲ ಮೇಲೆಯೇ ನೇತಾಡಿತು. ತಟ್ಟೆ, ಲೋಟ, ಈರುಳ್ಳಿ ಎಲ್ಲ ಮುಂದಕ್ಕೆ ಜಾರಿದವು. ಸೋಬಾನೆ ನಿಂತು ಚೀರಾಟ ಕೇಳಿತು. ನಾನು ಇಳಿಜಾರಾದ ನೆಲದ ಮೇಲೆ ಗೋಡೆ ಹಿಡಿದು ಹತ್ತಿ ದೋಣಿಯ ಹಿಂಬಾಗಿಲಿಗೆ ಬಂದೆ. ಇವರು ಎರಡು ಕೈಯಲ್ಲೂ ಚುಕ್ಕಾಣಿಗೆ ಜೋತುಬಿದ್ದಿದ್ದರು. ಮುಖ ಬೂದಿಯಾಗಿತ್ತು. ಬಾಯಿ ತೆರೆದಿದ್ದರೂ ಮಾತು ಹೊರಡುತ್ತಿರಲಿಲ್ಲ. ಇದೇ, ಇಲ್ಲೇ, ಎಂದುಕೊಂಡೆ.

"ಮುಚ್ಚಣ್ಣಾ! ತೂಬು ಮುಚ್ಚು! ಇವ್ರಿಗೆ ಹಾರ್ಟಿಂದು ಇದೆ ಕಣಣ್ಣಾ, ಮುಚ್ಚು!"

ಅಷ್ಟು ಜೋರು ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಮುಚ್ಚು ಎಂಬ ಮಾತಿಗೆ ಬೇರೆ ಅರ್ಥವಿಲ್ಲವಲ್ಲ. ಹಿಡಿ ಗರಗರ ತಿರುಗಿತು, ಸದ್ದು ನಿಂತಿತು. ಗೆಳೆಯರು ಲಾಕಿನ ಹಿಂದಿನ ಬಾಗಿಲಿಗೆ ಓಡಿಬಂದು ಅಲ್ಲಿಂದ ಸ್ವಲ್ಪಸ್ವಲ್ಪವೇ ನೀರು ಒಳಗೆ ಬಿಟ್ಟರು. ದೋಣಿಯ ಮೂತಿ ಮೆಲ್ಲಗೆ ಮೇಲೆದ್ದು, ಬಾಲ ಕಟ್ಟೆ ಬಿಟ್ಟು ತೇಲಿತು. ಅಷ್ಟರಲ್ಲಿ ನಾನು ಮಾತ್ರೆಯನ್ನು ಇವರ ನಾಲಿಗೆಯಡಿ ಇಟ್ಟು, ಅವರ ಬೆನ್ನಿಗೆ ನನ್ನ ಮೈ ಕೊಟ್ಟು ಕೂತಿದ್ದೆ. ನನ್ನ ಎದೆಯ ಬಡಿತ ಯಾವುದು, ಅವರದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಬಹಳ ಹೊತ್ತಾದ ಮೇಲೆ ಅವರು, "ಉಪ್ಪಿಟ್ಟು ಹೋಯ್ತಾ?" ಎಂದರು.

ಅಲ್ಲಿಂದ ಮುಂದೆ ದೋಣಿಯಲ್ಲಿ ಹಾಡಿಲ್ಲ. ಗೆಳೆಯರು ಚುಕ್ಕಾಣಿ ಹಿಡಿದರು. ಇವರಿಗೆ ದಿಂಬು ತಂದರು, ಹೊದಿಕೆ ತಂದರು. "ಕೂತ್ಕೊಳ್ಳಿ ಭಾವ. ಕಾಫಿ ಕೊಡ್ಲಾ? ನೀವು ಏಳ್ಬೇಡಿ."

ನೀವು! ಇಷ್ಟು ವರ್ಷಗಳಲ್ಲಿ ಒಂದು ಸಲವೂ ಇಲ್ಲದ್ದು.

ಇವರು ನನ್ನ ಕಡೆ ತಿರುಗಿ ಮೆಲ್ಲಗೆ, "ನೋಡಿದ್ಯಾ? ನನ್ನ ಫೋಟೋಗೆ ಆಗಲೇ ಹಾರ ಹಾಕ್ಬಿಟ್ಟ," ಎಂದರು.

ಹಾಳಾಗುವುದು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಅವರಿಗೆ ಸಾವಿಗಿಂತ ಈ ಬಹುವಚನದ ಭಯವೇ ಹೆಚ್ಚಿತ್ತು.

ಸಾಯಂಕಾಲ ದಡದ ಪಬ್ಬಿಗೆ ಹೋಗಲೇಬೇಕೆಂದು ಇವರು ಹಟ ಹಿಡಿದರು. ಇನ್ನೂ ಬಿಸಿಲಿತ್ತು. ಒಳಗೆ ಒಬ್ಬ ಮುದುಕ ತಿದಿಯಂಥ ವಾದ್ಯವನ್ನು ಎಳೆದು ಒತ್ತಿ ನುಡಿಸುತ್ತಿದ್ದ, ಇನ್ನೊಬ್ಬಾಕೆ ಪಿಟೀಲು. ಹಾಡಿನ ಕೊನೆಯ ಸಾಲು ಬಂದಾಗ ಕೂತವರೆಲ್ಲ ಗ್ಲಾಸು ಹಿಡಿದುಕೊಂಡೇ ದನಿಗೂಡಿಸುತ್ತಿದ್ದರು. ನಾನು ಇವರ ಕೋಟಿನ ಕೆಳಗೆ ಬೆನ್ನಿನ ಮೇಲೆ ಅಂಗೈ ಇಟ್ಟು ಉಸಿರು ನೋಡುತ್ತಿದ್ದೆ. ಎದುರಿಗೆ ಕೂತ ಅಜ್ಜಿ ನಮ್ಮನ್ನು ನೋಡಿ ಕಣ್ಣು ಮಿಟುಕಿಸಿದಳು. ಹೊಸ ಜೋಡಿ ಎಂದುಕೊಂಡಳೋ ಏನೋ.

ನಮ್ಮನ್ನೂ ಹಾಡಲು ಕರೆದರು. ಗೆಳೆಯರು ತಲೆಯಾಡಿಸಿ ಒಲ್ಲೆ ಎಂದರು. ನಾನು ಎದ್ದು ಅವರ ಪಕ್ಕಕ್ಕೆ ಹೋದೆ.

"ಹಾಡಣ್ಣಾ. ಇವ್ರನ್ನ ಚೆನ್ನಾಗಿ ಬೈದು ಹಾಡು."

"ನನ್ನಿಂದ ಆಗಲ್ಲಕ್ಕ. ಕೊಂದೇ ಬಿಡ್ತಿದ್ನಲ್ಲ ನಾನು."

"ನೀನು ಹೀಗಿದ್ರೆ ಈಗ ಕೊಲ್ತೀಯ."

ಅವರು ಕಣ್ಣೊರೆಸಿಕೊಂಡು ನಿಂತರು. ಮದುವೆಮನೆಯಲ್ಲಿ ಬೀಗರನ್ನು ಹಂಗಿಸುವ ಧಾಟಿ ಹಿಡಿದು, ಅಲ್ಲೇ ಕಟ್ಟಿದರು:

ದೋಣಿ ಓಡ್ಸು ಅಂದ್ರೆ ಗ್ವಾಡೆಗ್ ನೇತಾಕ್ದ
ಜಾಣ ನಮ್ ಭಾವ, ಬಲು ಜಾಣ!

ಇವರು ಬೆಚ್ಚಿ ತಲೆಯೆತ್ತಿದರು. ಆಮೇಲೆ ಮೇಜು ಬಡಿಯತೊಡಗಿದರು. ಅರ್ಥ ತಿಳಿಯದ ಆ ಜನರೂ "ಬಲು ಜಾಣ" ಎಂದು ಕೂಗಿದರು. ಇವರು ಕೆಮ್ಮು ಬರುವಷ್ಟು ನಕ್ಕರು. ನನ್ನ ಜೀವ ಬಾಯಿಗೆ ಬಂತು. ಆದರೂ ನಿಲ್ಲಿಸಿ ಎನ್ನಲಿಲ್ಲ.

ಆಪರೇಷನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಯಿತು. ಬೆಳಿಗ್ಗೆ ಗೆಳೆಯರು, ಅವರ ಹೆಂಡತಿ ಇಬ್ಬರೂ ಬಂದಿದ್ದರು. ಚಕ್ರದ ಮಂಚ ಬಾಗಿಲ ಹತ್ತಿರ ಬಂದಾಗ ಗೆಳೆಯರು ಬಗ್ಗಿ, "ಲೇ ಭಾವ, ಬೇಗ ಬಾ. ಹಿಂಗ್ ಸೋಮಾರಿ ಥರ ಮಲಗಿದ್ರೆ ನಮ್ಮಕ್ಕಂಗೆ ಬೇರೆ ಗಂಡು ನೋಡ್ತೀನಿ," ಎಂದರು. ನರ್ಸು ಏನೆಂದು ಕೇಳಿದಳು. ಇವರು ಅದನ್ನು ಇಂಗ್ಲಿಷಿನಲ್ಲಿ ಅವಳಿಗೆ ಹೇಳಲು ಹೋಗಿ, ಅರ್ಧಕ್ಕೆ ನಗು ತಡೆಯದೆ, ನಗುತ್ತಲೇ ಒಳಗೆ ಹೋದರು.

ಮತ್ತೆ ಅವರಿಗೆ ಎಚ್ಚರವಾಗಲಿಲ್ಲ.

ಅಂಥ ಹೊತ್ತಿನಲ್ಲಿ ಅಂಥ ಮಾತು ಆಡಬಾರದಿತ್ತು ಎಂದು ಗೆಳೆಯರು ಈಗಲೂ ಕೊರಗುತ್ತಾರೆ. ನಾನು ಪ್ರತಿ ಸಲ ಒಂದೇ ಉತ್ತರ ಕೊಡುತ್ತೇನೆ. ಆ ಬೆಳಿಗ್ಗೆ ಆ ಬಾಗಿಲ ಮುಂದೆ ಭಯದಿಂದ ನನಗೆ ಒಂದು ಮಾತೂ ಹೊರಡಲಿಲ್ಲ. ಇವರನ್ನು ಬದುಕಿರುವ ಮನುಷ್ಯನಂತೆ ಮಾತಾಡಿಸಿದವನು ನೀನೊಬ್ಬನೇ, ಅಣ್ಣ.