ವೈನಿಯ ಹೆಸರಿನ ಪಕ್ಕದ ಹಸಿರು ಚೀಟಿ

ಸೊಲ್ಲಾಪುರದ ನಮ್ಮ ಓಣಿಯ ಅಂಗಡಿಯಲ್ಲಿ ವೈನಿಯ ಶೇಂಗಾ ಚಟ್ನಿಯ ಪಾಕೀಟು ಕಂಡಾಗ ಮೊದಲು ಹೆಮ್ಮೆಯೇ ಆಯಿತು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಕ್ಕಲಕೋಟೆ ಹತ್ತಿರದ ಹಳ್ಳಿ ಹನ್ನೂರಿನ ಮನೆಯಲ್ಲಿ ಚಟ್ನಿ ಕುಟ್ಟಿ ಮಾರುತ್ತಾಳೆ. ಕೈಗೆತ್ತಿಕೊಂಡು ನೋಡಿದರೆ ಅವಳ ಹೆಸರಿನ ಪಕ್ಕಕ್ಕೇ ಒಂದು ಹಸಿರು ಚೀಟಿ. ‘ನೂರಕ್ಕೆ ನೂರು ಸೇಂದ್ರಿಯ’ ಎಂದು ಮರಾಠಿಯಲ್ಲಿ. ಅಂದರೆ ಸಾವಯವ. ಜೊತೆಗೆ ಸರ್ಕಾರದ ಸಾವಯವ ಮುದ್ರೆ ಬೇರೆ.

ವೈನಿ ಶೇಂಗಾ ತರುವುದು ದುಧನಿಯ ಬಾಜಾರಿನಿಂದ. ಆ ಬೆಳೆಗೆ ಯಾರು ಏನು ಔಷಧ ಹೊಡೆದಿದ್ದರೋ ಅವಳಿಗೇ ಗೊತ್ತಿಲ್ಲ. ಚಟ್ನಿ ಮಾರುವ ಅವಳ ಪರವಾನಗಿಗೆ ಓಡಾಡಿದವಳು ನಾನು. ಪ್ರಮಾಣಪತ್ರವಿಲ್ಲದೆ ಆ ಮುದ್ರೆ ಹಾಕಬಾರದೆಂದು ನನಗೆ ಗೊತ್ತಿತ್ತು.

“ಇದನ್ನ ಯಾರು ಹಚ್ಚಿದ್ರು?” ಎಂದೆ.

“ನಾನ ಹಚ್ಚೀನ್ರಿ ಅಕ್ಕಾರ,” ಎಂದ ಅಂಗಡಿಯವನು. “ಹಳ್ಳಿ ಮಾಲ ಅಂದ್ರ ಸೇಂದ್ರಿಯನ ಅಲ್ಲೇನ್ರಿ?”

“ನಾಳೆ ತಪಾಸಣಿಗೆ ಬಂದ್ರ? ಹೆಸರು ಆಕಿದೈತಿ, ನಿಮ್ದಲ್ಲ.”

“ಯಾರ ಬರ್ತಾರ್ರಿ!” ಎಂದು ನಕ್ಕ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಅದೇ ಪಾಕೀಟಿಗೆ ಕೈ ಹಾಕಿದಳು. “ಸೊಸಿ ಬಸರಿ ಅದಾಳ, ಔಷಧ ಹೊಡದದ್ದು ಬ್ಯಾಡಂತ ಇದನ್ನ ಒಯ್ತೀನಿ,” ಎಂದಳು. ಇದು ಸಾವಯವ ಅಲ್ಲ ಎಂದು ನಾನು ಹೇಳಿದೆ. ಅವಳು ಅಂಗಡಿಯವನ ಮುಖ ನೋಡಿದಳು, ಅವನು ತಕ್ಕಡಿಯ ಕಡೆ ತಿರುಗಿದ.

ಫೋನಿನಲ್ಲಿ ಹೇಳಿದ್ದೇ ತಡ, ಮರುದಿನ ವೈನಿ ಎಸ್‌ಟಿ ಬಸ್ಸು ಹತ್ತಿ ಬಂದಳು. ಅಂಗಡಿಯ ಕಟ್ಟೆಯ ಮೇಲೆ ಕೂತು ಚೀಟಿ ಕೀಳತೊಡಗಿದಳು. ಅಂಟು ಗಟ್ಟಿ, ಚೀಟಿಯ ಜೊತೆ ಪಾಕೀಟೂ ಹರಿದು ಚಟ್ನಿ ಚೆಲ್ಲಿತು. ನಾನೂ ಪಕ್ಕದಲ್ಲಿ ಕೂತು ಕಿತ್ತೆ.

“ಏ, ಮಾಲ ನಂದೈತಿ!” ಎಂದು ಅವನು ಕೂಗಾಡಿದ.

“ಮಾಲ ನಿಮ್ದ ಇರವಲ್ದ್ಯಾಕ. ಹೆಸರ ನಂದು,” ಎಂದಳು ವೈನಿ.

ಆಹಾರ ಇಲಾಖೆಗೆ ನಾನು ದೂರು ಕೊಟ್ಟೆ. ಅಲ್ಲಿಂದ ಒಬ್ಬರು ಬಂದು ಉಳಿದ ಚೀಟಿಗಳನ್ನು ತೆಗೆಸಿದರು. ಅವತ್ತಿನಿಂದ ಅವನು ವೈನಿಯ ಚಟ್ನಿ ತರಿಸುವುದನ್ನೇ ಬಿಟ್ಟ. ತಪ್ಪು ಅವನದು, ಗಿರಾಕಿ ಕಳೆದುಕೊಂಡವಳು ಇವಳು!

ಈಗ ಅವಳು ಅಕ್ಕಲಕೋಟೆಯ ಸಂತೆಯಲ್ಲಿ ತಾನೇ ಕೂತು ಮಾರುತ್ತಾಳೆ. ಕಾರಿನಿಂದ ಇಳಿದವರು “ಸೇಂದ್ರಿಯ ಐತೇನ್ರಿ?” ಎಂದು ಕೇಳುತ್ತಾರೆ.

“ಅಲ್ರಿ. ಮನ್ಯಾಗ ಕುಟ್ಟಿದ್ದು,” ಎನ್ನುತ್ತಾಳೆ.

ಕೆಲವರು ಪಾಕೀಟು ಕೆಳಗಿಟ್ಟು ಹೋಗಿಬಿಡುತ್ತಾರೆ. ನನಗೆ ಅವರ ಮೇಲೂ ಸಿಟ್ಟು ಬರುತ್ತದೆ.