ಅಟ್ಟಕ್ಕೆ ಹಾಕಿದ ಪಾಲಿಸಿ

ಹಾಲ್ಕುರಿಕೆ ಕಡೆಯ ತೋಂಟದಾರ್ಯನಿಗೆ ದುಡ್ಡಿನ ವಿಷಯದಲ್ಲಿ ಗೊತ್ತಿಲ್ಲದ್ದು ಅಂತ ಒಂದೂ ಇರಲಿಲ್ಲ. ಹಂಗಂತ ಹೇಳ್ತಿದ್ದವನು ಅವನೇ. ಹತ್ತೊಂಬತ್ತಕ್ಕೆ ತೋಟ ಕೈಗೆ ಬಂದಾಗಿನಿಂದ ಅರವತ್ತೊಂದರವರೆಗೂ ಒಂದೇ ಲೆಕ್ಕದಲ್ಲಿ ಬದುಕಿದ ಆಸಾಮಿ. ತೆಂಗಿನಕಾಯಿ ಕೆಡವು, ಅಟ್ಟಕ್ಕೆ ಹಾಕು, ಹನ್ನೆರಡು ತಿಂಗಳು ಸುಮ್ಮನಿರು. ಒಳಗಿನ ನೀರು ಇಂಗಿ ತಿರುಳು ಒಣಗಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಅಂದಾಗ ಒಡೆಸಿ ಕೊಬ್ಬರೀನ ತಿಪಟೂರು ಮಾರ್ಕೆಟ್ಟಿಗೆ ಹಾಕು. "ನನ್ನ ಬ್ಯಾಂಕು ನನ್ನ ತಲೆ ಮೇಲೇ ಐತೆ ಕಣ್ಲಾ" ಅಂತ ಬಂದವರಿಗೆಲ್ಲ ಅಟ್ಟ ತೋರಿಸೋನು. ಬಂದವರು ಕತ್ತೆತ್ತಿ ನೋಡೋರು. ನೋಡದೆ ಕಾಫಿ ಸಿಗ್ತಿರಲಿಲ್ಲ.

ಮೂರು ವರ್ಷದ ಕೆಳಗೆ ಡೈರಿ ಕಟ್ಟಡದಲ್ಲಿ ಬ್ಯಾಂಕಿನವರು ಉಳಿತಾಯ, ವಿಮೆ ಅಂತ ಒಂದು ಶಿಬಿರ ಮಾಡಿದರು. ತೋಂಟದಾರ್ಯ ಮೊದಲ ಸಾಲಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತ. ಕಲಿಯೋಕಲ್ಲ ಸ್ವಾಮಿ, ಕಲಿಸೋಕೆ. ಸೌಮ್ಯ ಅಂತ ಬ್ಯಾಂಕಿನ ಹುಡುಗಿ, ಪಾಪ, ಎರಡು ಗಂಟೆ ಗಂಟಲು ಹರ್ಕೊಂಡಳು. ಆರು ತಿಂಗಳ ಮನೆ ಖರ್ಚು ಬೇಕಾದ ದಿನ ಕೈಗೆ ಸಿಗೋ ಹಾಗೆ ಬೇರೆ ಇಟ್ಟಿರಿ, ಇರೋದನ್ನೆಲ್ಲ ಒಂದರಲ್ಲೇ ಹಾಕಬೇಡಿ, ಆಸ್ಪತ್ರೆ ಖರ್ಚಿಗೆ ಅಂತ ಒಂದು ಪಾಲಿಸಿ ಮಾಡಿಸಿ ಅಂದಳು.

"ಅಮ್ಮಣ್ಣಿ, ನಿಮ್ಮ ಬ್ಯಾಂಕ್ನಾಗೆ ಬಡ್ಡಿ ಎಷ್ಟು?" ಅಂದ ತೋಂಟದಾರ್ಯ.

"ಏಳು ಪರ್ಸೆಂಟು ಸರ್."

"ನಮ್ಮ ಅಟ್ಟದಾಗೆ ಹೋದ ಸಲ ರೇಟು ಡಬಲ್ ಆಯ್ತು ತಾಯಿ!"

ಎಲ್ಲರೂ ನಕ್ಕರು. "ಅದರ ಹಿಂದಿನ ಸಲ ಅರ್ಧಕ್ಕೆ ಬಿದ್ದಿತ್ತಲ್ಲ ಸರ್?" ಅಂತ ಆ ಹುಡುಗಿ ಮೆಲ್ಲಗೆ ಕೇಳಿದಳು. ತೋಂಟದಾರ್ಯನಿಗೆ ಆಗ ಕಿವಿ ಕೇಳಿಸಲಿಲ್ಲ. ಆದರೆ ಜನ ಇನ್ನೂ ನಗ್ತಾನೇ ಇದ್ದರು, ಈ ಸಲ ಇವನ ಕಡೆ ತಿರುಗಿ. ಮರ್ಯಾದೆ ಪ್ರಶ್ನೆ ಬಂತು ನೋಡಿ! "ಕಂತು ಹದಿನೆಂಟು ಸಾವಿರ ತಾನೆ, ಬರ್ಕೋ" ಅಂತ ಅಲ್ಲೇ ತನಗೂ ಹೆಂಡತಿ ಪುಟ್ಟಗೌರಮ್ಮನಿಗೂ ಸೇರಿಸಿ ಪಾಲಿಸಿ ಮಾಡಿಸಿಯೇಬಿಟ್ಟ. ಕಾಗದ ಬಂದಾಗ ಪ್ಲಾಸ್ಟಿಕ್ ಕವರಿಗೆ ಸುತ್ತಿ, ಅಟ್ಟ ಹತ್ತಿ, ಕಾಯಿ ರಾಶಿಯ ಮೇಲೆ ತೊಲೆಗೆ ಕಟ್ಟಿದ.

ಹನ್ನೆರಡು ತಿಂಗಳು ತುಂಬಿದ ಮಾರನೇ ದಿನ ಇಸ್ತ್ರಿ ಶರ್ಟು ಹಾಕ್ಕೊಂಡು ಬ್ಯಾಂಕಿಗೆ ಹೋದ. "ವರ್ಷ ಆಯ್ತು. ಎಷ್ಟು ಬತ್ತದೆ?"

"ಏನೂ ಬರಲ್ಲ ಸರ್" ಅಂದಳು ಸೌಮ್ಯ. "ನೀವಿಬ್ಬರೂ ಆಸ್ಪತ್ರೆಗೆ ಹೋಗಲಿಲ್ಲವಲ್ಲ, ಅದೇ ಸಂತೋಷ. ಈಗ ಈ ವರ್ಷದ್ದು ಕಟ್ಟಿ."

"ಅಂದ್ರೆ? ಚೆನ್ನಾಗಿದ್ದಿದ್ದಕ್ಕೆ ಹದಿನೆಂಟು ಸಾವಿರ ಜುಲ್ಮಾನೆನಾ?"

"ಇದು ಎಫ್.ಡಿ. ಅಲ್ಲ ಸರ್. ಇಟ್ಟರೆ ಬೆಳೆಯೋದಲ್ಲ. ಕಷ್ಟ ಬಂದರೆ ಇರಲಿ ಅಂತ."

"ನನಗೆ ಇವತ್ತಿನವರೆಗೂ ನೆಗಡಿ ಬಂದಿಲ್ಲ ಕಣಮ್ಮ" ಅಂತ ಎದ್ದು ಬಂದ. ಒಂದು ತಿಂಗಳು ಕಂಡಕಂಡವರ ಹತ್ತಿರ ಅದೇ ಮಾತು. ವರ್ಷ ಪೂರ್ತಿ ಅಟ್ಟದಾಗೆ ಇಟ್ಟಿದ್ದೆ ಕಣ್ಲಾ, ಜಳ್ಳು ಕೊಟ್ಟವ್ಳೆ ಕಣ್ಲಾ! ಪುಟ್ಟಗೌರಮ್ಮ "ಕಟ್ಟಿ ಬುಡ್ರೀ, ವಯಸ್ಸಾಯ್ತು" ಅಂದರೆ "ನಿನಗೇನೇ ಗೊತ್ತು" ಅಂದ. ಆಮೇಲೆ ಅವಳು "ಒಂದಿನ ತಿಪಟೂರಿಗೆ ಬನ್ನಿ, ನಿಮ್ಮ ರಕ್ತ ಪರೀಕ್ಷೆ ಮಾಡಿಸಬೇಕಂತೆ" ಅಂತ ಮೂರು ಸಲ ಕರೆದಳು. ಯಾಕೆ ಅಂತ ಕೇಳೋ ವ್ಯವಧಾನ ಇವನಿಗೆಲ್ಲಿ? "ನನ್ನೇನು ಒಡೆದು ನೋಡ್ಬೇಕಾ?" ಅಂತ ಮೂರು ಸಲವೂ ಹಾರಾಡಿದ.

ಈ ವರ್ಷ ಕೊಬ್ಬರಿ ರೇಟು ಏರಿತು. ಊರೆಲ್ಲ ಮಾರಿಕೊಂಡು ನಿಟ್ಟುಸಿರು ಬಿಟ್ಟಿತು. ತೋಂಟದಾರ್ಯ ಮಾತ್ರ ಕ್ವಿಂಟಾಲು ಮೂವತ್ತು ಸಾವಿರ ಮುಟ್ಟದೆ ಒಂದು ಕಾಯಿ ಕೆಳಗಿಳಿಸಲ್ಲ ಅಂತ ಕೂತ. ಕಾಯಿ ಹದಿನೈದು ತಿಂಗಳು ದಾಟಿದ್ದವು. ಹುಳ ಬೀಳುತ್ತೆ, ಅರ್ಧನಾದರೂ ಕೊಟ್ಟುಬಿಡಿ ಅಂತ ಹೆಂಡತಿ ಗೋಗರೆದಳು. ಉಹುಂ! ದಿನಾ ಬೆಳಿಗ್ಗೆ ಏಣಿ ಹತ್ತೋದು, ನಾಲ್ಕು ಕಾಯಿ ಅಲ್ಲಾಡಿಸೋದು, ಲಕ್ಷಗಟ್ಟಲೆ ಗುಣಿಸಿಕೊಂಡು ಇಳಿಯೋದು. ಹಂಗೇ ಒಂದು ಬೆಳಿಗ್ಗೆ ಗುಣಿಸ್ತಾ ಇಳಿಯುವಾಗ ಮೆಟ್ಟಿಲು ತಪ್ಪಿತು. ಸೊಂಟದ ಮೂಳೆ ಮುರೀತು.

ತುಮಕೂರಿನ ಒಂದು ಆಸ್ಪತ್ರೆಗೆ ಸಾಗಿಸಿದರು. ಆಪರೇಷನ್ ಆಗಬೇಕು, ಎರಡೂವರೆ ಲಕ್ಷ, ಅರ್ಧ ಮೊದಲೇ ಕಟ್ಟಬೇಕು ಅಂದರು. ತಡವಾದರೆ ಮತ್ತೆ ನಡೆಯೋದು ಕಷ್ಟ ಅಂತಲೂ ಹೇಳಿದರು. ಸ್ಟ್ರೆಚರ್ ಮೇಲಿಂದಲೇ ತೋಂಟದಾರ್ಯ ಕೂಗಿದ. "ಆ ಬ್ಯಾಂಕ್ ಹುಡುಗಿಗೆ ಫೋನ್ ಮಾಡೇ! ಹದಿನೆಂಟು ಸಾವಿರ ತಿಂದವ್ಳೆ, ಈಗ ಕೊಡ್ಲಿ!"

ನೋಡಿ ನಾಚಿಕೆಗೇಡು! ಸೌಮ್ಯ ಪಾಪ ಕಂಪ್ಯೂಟರಿನಲ್ಲಿ ಎರಡು ಸಲ ತೆಗೆದು ನೋಡಿದಳಂತೆ. ಮುಂದಿನ ಕಂತು ಕಟ್ಟದೆ ಪಾಲಿಸಿ ಸತ್ತು ಎರಡು ವರ್ಷವಾಗಿತ್ತು. ಉಳಿತಾಯ ಖಾತೆಯಲ್ಲಿ ನಾಲ್ಕು ಸಾವಿರದ ಮುನ್ನೂರು ರೂಪಾಯಿ. ದುಡ್ಡಿನ ವಿಷಯ ಎಲ್ಲ ಬಲ್ಲವನ ಕೈಯಲ್ಲಿ ಅಷ್ಟೇ ಇದ್ದದ್ದು. ಪುಟ್ಟಗೌರಮ್ಮ ಕೊಬ್ಬರಿ ವ್ಯಾಪಾರಿಗೆ ಫೋನ್ ಮಾಡಿದಳು. ಗರಜು ಯಾರದ್ದು ಅಂತ ಅವನಿಗೆ ದನಿಯಲ್ಲೇ ಗೊತ್ತಾಯಿತು. ಹುಳ ಬಿದ್ದೈತೆ, ಹಳೇ ಮಾಲು, ಒಡೆಸೋ ಕೂಲಿ ನನ್ನದೇ ಅಂತ ಕಿತ್ತು ಕಿತ್ತು, ಕ್ವಿಂಟಾಲಿಗೆ ಹದಿನೇಳು ಸಾವಿರದ ಲೆಕ್ಕ ಹಾಕಿದ. ಆಪರೇಷನ್ ಮುಗಿದು ತೋಂಟದಾರ್ಯನಿಗೆ ಅರಿವಳಿಕೆಯ ಮತ್ತು ಇಳಿಯೋ ಹೊತ್ತಿಗೆ ಅಟ್ಟ ಗುಡಿಸಿ ಹೋಗಿದ್ದರು.

ನಾಲ್ಕನೇ ದಿನ ಹೆಂಡತಿಯ ಫೋನಿಗೆ ಮೆಸೇಜು ಬಂತು. ಬೇಜಾರಿಗೆ ತೆಗೆದು ಓದಿದ. ಪುಟ್ಟಗೌರಮ್ಮನವರೇ, ನಿಮ್ಮ ಆರೋಗ್ಯ ಪಾಲಿಸಿಯ ನವೀಕರಣದ ದಿನ ಹತ್ತಿರ ಬಂದಿದೆ.

"ಏನೇ ಇದು? ನಿನಗೆ ಪಾಲಿಸಿ ಐತಾ?"

"ಐತೆ. ನೀವು ಬಿಟ್ಟ ವರ್ಷವೇ ಮಾಡಿಸ್ಕೊಂಡೆ, ಕಾಯಿ ಚಿಪ್ಪು ಮಾರಿದ ದುಡ್ಡಲ್ಲಿ. ನಿಮ್ಮನ್ನೂ ಸೇರಿಸೋಕೆ ರಕ್ತ ಪರೀಕ್ಷೆ ಆಗ್ಬೇಕು ಅಂದ್ರು. ಮೂರು ಸರ್ತಿ ಕರೆದೆ."

ತೋಂಟದಾರ್ಯ ಛಾವಣಿ ನೋಡಿದ. ಅಲ್ಲಿ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. ಹೊಟ್ಟೆ ಉರಿದುಹೋಯಿತು. ತಪ್ಪು ತನ್ನದು ಅಂತ ಗೊತ್ತಿತ್ತು, ಅದಕ್ಕೇ ಇನ್ನೂ ಉರಿಯಿತು.

"ಎಲ್ಲಾನೂ ಮಾರಿಬಿಟ್ಟೆಯಲ್ಲೇ, ಹದಿನೇಳಕ್ಕೆ! ಒಂದೇ ಒಂದು ತಿಂಗಳು ತಡೆದಿದ್ರೆ..."

ಪುಟ್ಟಗೌರಮ್ಮ ಕಿತ್ತಳೆ ಸುಲಿಯುತ್ತಿದ್ದಳು. ನಲವತ್ತು ವರ್ಷದಲ್ಲಿ ಅವಳು ಅವನಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಹೌದು ಕಣ್ರೀ" ಅಂದಳು. "ಏಣಿಯಿಂದ ಬಿದ್ದಾಗಲೇ ನೀವು ಹೋಗಿಬಿಟ್ಟಿದ್ರೆ ಕೊಬ್ಬರಿ ಉಳೀತಿತ್ತು."

ಅಂದವಳ ಕಣ್ಣು ತುಂಬಿತ್ತು. ಕಿತ್ತಳೆ ತೊಳೆಯೊಂದನ್ನು ಬೀಜ ತೆಗೆದು ಅವನ ಬಾಯಿಗಿಟ್ಟಳು. ಅವನು ಅಗಿದ.