ಎರಡೂ ಕಡೆಯ ಆಯಿ

ಮೊನ್ನೆ ಹಂಚಿನ ಮೇಲೆ ರೊಟ್ಟಿ ಹಾಕಿ, ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನೋಡಲು ಹೋದವಳು ಅಲ್ಲೇ ನಿಂತುಬಿಟ್ಟೆ. ಹೊತ್ತಿದ ಜೋಳದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹಲಬರ್ಗಾದ ನಮ್ಮ ಆಯಿ, ಅಂದರೆ ನಮ್ಮಜ್ಜಿ, ನೆನಪಾದಳು.

ಹಿಂದಿನ ವಾರವಷ್ಟೇ ಬೀದರಿನ ಡಾಕ್ಟರು ನನ್ನ ರಿಪೋರ್ಟ್ ನೋಡಿ, ಕೊಲೆಸ್ಟ್ರಾಲ್ ಬಹಳ ಏರಿದೆ ಎಂದಿದ್ದರು. ಇತ್ತೀಚೆಗೆ ಮರೆವೂ ಜಾಸ್ತಿ ಎಂದಾಗ ಕೇಳಿದರು, "ಮನ್ಯಾಗ ಯಾರಿಗರೆ ಮರವಿನ ಬ್ಯಾನಿ ಇತ್ತೇನ್ರಿ?"

"ನಮ್ಮ ಆಯಿಗಿತ್ತರಿ."

"ತಂದಿ ಕಡಿ ಆಯಿನೋ, ತಾಯಿ ಕಡಿನೋ?"

"ಎರಡೂ ಕಡಿರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅಪ್ಪ ತನ್ನ ಅಕ್ಕನ ಮಗಳನ್ನೇ ಮದುವೆಯಾದವನು. ಆಯಿ ಅಪ್ಪನಿಗೆ ತಾಯಿ, ಅವ್ವನಿಗೆ ಅಜ್ಜಿ. ನಮ್ಮಲ್ಲಿ ಇದೇನು ಹೊಸದೇ? ಮರೆವೂ ಕೊಲೆಸ್ಟ್ರಾಲೂ ರಕ್ತದಲ್ಲಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಇದೆಂಥ ಉತ್ತರ! ಬರಗಾಲದಲ್ಲಿ ತುಪ್ಪದ ಮುಖ ಕಾಣದ ಆಯಿಯ ಮೈಯಲ್ಲಿ ಕೊಬ್ಬೆಲ್ಲಿತ್ತು ಎಂದು ವಾದಿಸಿದೆ. ಕೊಬ್ಬು ಬರೀ ಊಟದಿಂದ ಬರುವುದಿಲ್ಲ, ಮೈಯೂ ತಾನೇ ಮಾಡಿಕೊಳ್ಳುತ್ತದಂತೆ. ನನಗಂತೂ ತಲೆಬುಡ ತಿಳಿಯಲಿಲ್ಲ.

ಆ ಬರದ ವರ್ಷ ಮನೆಮಂದಿಯೆಲ್ಲ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಉಳಿದವರು ಆಯಿ ಮತ್ತು ಶಾಲೆ ಬಿಡಲು ಒಪ್ಪದ ನಾನು. ಆಯಿ ಮಾತ್ರ ದಿನಾ ಎಂಟು ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು. ತಿಂಗಳ ಹಿಟ್ಟು ವಾರಕ್ಕೇ ಮುಗಿಯುತ್ತಿತ್ತು. ಮುದುಕಿಗೆ ಹಟ ಎಂದರು ಓಣಿಯವರು. ನಾನೂ ಅದನ್ನೇ ನಂಬಿ ಹಿಟ್ಟಿನ ಡಬ್ಬಿ ಬಚ್ಚಿಟ್ಟೆ.

"ಮಂದಿ ಹೊಲದಿಂದ ಬರೋ ಹೊತ್ತಾತು, ಹಿಟ್ಟು ಎಲ್ಲದ?" ಎನ್ನುತ್ತ ಆಯಿ ನನ್ನ ಹಿಂದೆ ಹಿಂದೆಯೇ ಸುತ್ತಿದಳು. ಆಮೇಲೆ ನನ್ನ ಮುಖ ದಿಟ್ಟಿಸಿ ಕೇಳಿದಳು, "ನೀ ಯಾರ ಮಗಳವ್ವ?"

"ಯಾರ ಮಗಳೂ ಅಲ್ಲ, ಸುಮ್ಮ ಕೂಡು!" ಎಂದು ಒದರಿದೆ.

ಥೂ, ಎಂಥ ಬಾಯಿ ನನ್ನದು! ಆಯಿ ನನ್ನ ತಲೆ ಸವರಿ, "ಹಂಗಾದ್ರ ನಮ್ಮನ್ಯಾಗೇ ಇರವ್ವ" ಎಂದಳು. ಮನೆಯವರು ತಿರುಗಿ ಬರುವ ಮೊದಲೇ ಆಯಿ ತೀರಿಹೋದಳು... ನಾನಾಡಿದ ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಿನ್ನೆ ಮಗಳು ಔರಾದಿನಿಂದ ಬಂದಿದ್ದಳು. ಎಲ್ಲ ಕೇಳಿಸಿಕೊಂಡು, "ಮರವು ಬರೋಕ್ಕಿಂತ ಮೊದಲ ಆಯಿ ಹ್ಯಾಂಗಿದ್ದಳವ್ವ?" ಎಂದಳು.

ನೆನಪು ಕೆದಕಿದೆ. ಹಾಡುತ್ತಿದ್ದಳೇ? ನನ್ನನ್ನು ಏನೆಂದು ಕರೆಯುತ್ತಿದ್ದಳು? ನಾನು ಗಮನಿಸಲೇ ಇಲ್ಲವೋ, ಗೊತ್ತಿದ್ದದ್ದು ಈಗ ಹೋಗಿಬಿಟ್ಟಿತೋ... ಕೇಳೋಣವೆಂದರೆ ಆಯಿಯನ್ನು ಕಂಡವರು ನನ್ನ ಬಿಟ್ಟು ಯಾರೂ ಉಳಿದಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು.